ಜವಾರಿ ಬೆಂಡಿಗೆ ಅರ್ಕಾ ಅನಾಮಿಕಾ ಕ್ರಾಸ್: ಕಾಯಿ ಉದುರುತ್ತಿವೆ, ಮುಂದೆ ಆಯ್ಕೆ ಹೇಗೆ?

ಘಟಪ್ರಭಾ ದಂಡೆ, ಗೋಕಾಕ
ನಮ್ಮ ಕಡೆಯ ಜವಾರಿ ಬೆಂಡಿ ರುಚಿಗೆ ಚಲೋ. ಆದರೆ ಏಳೆಂಟು ಏಣು, ಮೈತುಂಬ ಮುಳ್ಳು, ಬ್ಯಾಸಗಿ ಬಂತಂದ್ರೆ ಹಳದಿ ರೋಗ. ಕತ್ತರಿಸಿ ಫ್ರೀಜ್ ಮಾಡುವವರು ಕೇಳೋದು ಐದು ಏಣಿನ, ನೆಟ್ಟನೆಯ, ಕಡುಹಸಿರು ಕಾಯಿ. ಜವಾರಿಯನ್ನು ತಾಯಿ ಮಾಡಿ, ಹಳದಿ ರೋಗ ತಡೆಯುತ್ತದೆಂದು ಹೆಸರಾದ ಅರ್ಕಾ ಅನಾಮಿಕಾ ತಳಿಯ ಪರಾಗ ಹಾಕಿದರೆ ಹತ್ತರಲ್ಲಿ ಏಳು ಹೂ ಉದುರುತ್ತವೆ. ತಪ್ಪೆಲ್ಲಿ? ಮುಂದೆ ಎಷ್ಟು ಗಿಡ ಬೆಳೆಸಬೇಕು? ಜಾಗ ನಾಲ್ಕು ಗುಂಟೆ.

ಬೀಜದ ಗಡಿಗೆ, ಬಾಗಲಕೋಟೆ
ಹೆಚ್ಚಾಗಿ ಬ್ಲೇಡಿನ ತುದಿ ಅಂಡಾಶಯಕ್ಕೆ (ಮುಂದೆ ಕಾಯಿಯಾಗುವ ಭಾಗ) ತಾಗಿದ್ದೇ ಕಾರಣ ಇರತದ ರೀ. ಸಂಜೆ 4ರ ಮೇಲೆ, ನಾಳೆ ಅರಳುವ ಮೊಗ್ಗು ಹಿಡೀರಿ. ಉಬ್ಬಿ, ಹಳದಿ ಎಸಳು ಇಣುಕುತ್ತಿರಬೇಕು. ಬುಡದ ಹತ್ತಿರ ಸುತ್ತಲೂ ಹಗುರಾಗಿ ಗೀರಿ, ಎಸಳನ್ನು ಟೊಪ್ಪಿಗೆಯಂತೆ ಕಳಚಿ. ಪರಾಗಕೋಶಗಳನ್ನು ಚಿಮಟದಿಂದ ಕೆಳಗಿಂದ ಮೇಲಕ್ಕೆ ಕೆರೆದು, ಬೆಣ್ಣೆ ಕಾಗದದ ಚೀಲ ಕಟ್ಟಿ. ತಂದೆ ಹೂವಿಗೂ ಸಂಜೆಯೇ ಚೀಲ ಬೀಳಬೇಕು.

ಮರುದಿನ ಬೆಳಗ್ಗೆ 8ರಿಂದ 10ರೊಳಗೆ ಶಲಾಕಾಗ್ರದ (ಹೂವಿನ ನಡುವೆ ಪರಾಗ ಹಿಡಿಯುವ ತುದಿ) ಎಲ್ಲ ಹಾಲೆಗಳಿಗೂ ಪರಾಗ ಸವರಿ. ಒಂದು ಬದಿಗೆ ಮಾತ್ರ ಬಿದ್ದರೆ ಕಾಯಿ ಸೊಟ್ಟಗಾಗುತ್ತದೆ. ಅದೇ ಗಿಡದ ಬೇರೆ ಎಳೆಗಾಯಿ ಕೀಳುತ್ತಿರಿ, ಇಲ್ಲದಿದ್ದರೆ ಕ್ರಾಸ್ ಕಾಯಿಗೆ ಪೋಷಣೆ ಸಾಲದು. ಹೂ ಬಿಡುವಾಗ ನೀರು ತಪ್ಪಿಸಬ್ಯಾಡ್ರಿ. 30–35 ದಿನಕ್ಕೆ ಕಾಯಿ ಕಂದಾಗಿ ಏಣು ಬಿರಿಯತೊಡಗಿದಾಗ ಕೊಯ್ಯಿರಿ.

ಇನ್ನೊಂದು: ಜವಾರಿ ಬೀಜ ಸಾಮಾನ್ಯವಾಗಿ ಕಲಬೆರಕೆ. ಮೊದಲು ಒಂದೆರಡು ತಲೆಮಾರು ಮೊಗ್ಗು ಅರಳದಂತೆ ದಾರ ಕಟ್ಟಿ ಸ್ವಪರಾಗ (ತನ್ನದೇ ಪರಾಗದಿಂದ ಕಾಯಿ) ಮಾಡಿಸಿ ತಾಯಿಯನ್ನು ಶುದ್ಧಗೊಳಿಸಿ.

ಮಣ್ಣು ಮೊಳಕೆ, ವಿಜಯಪುರ
ಕ್ರಾಸ್ ಸುಲಭ ರೀ, ಕೆಡೋದು ಆಯ್ಕೆಯಲ್ಲಿ. ಮೊದಲ ತಲೆಮಾರು ಒಂದೇ ತರ ಇರುತ್ತದೆ, ಅದರಲ್ಲಿ ಆರಿಸುವಂಥದ್ದೇನೂ ಇಲ್ಲ. ಹತ್ತು ಗಿಡಕ್ಕೆ ದಾರ ಕಟ್ಟಿ ಬೀಜ ತೆಗೀರಿ. ಎರಡನೆಯದರಲ್ಲಿ 300 ಗಿಡವಾದರೂ ಬೇಕು. ಬೇಕಾದ ಮೂರು ಗುಣ ಒಂದೊಂದು ಅಪ್ರಬಲ ಜೀನಿನವು (ತಾಯಿ, ತಂದೆ ಎರಡೂ ಕಡೆಯಿಂದ ಬಂದರೆ ಮಾತ್ರ ಕಾಣುವಂಥವು) ಅಂದ್ಕೊಂಡರೂ, ಮೂರೂ ಕೂಡುವುದು 64ರಲ್ಲಿ ಒಂದೇ ಗಿಡಕ್ಕೆ. 60 × 30 ಸೆಂ.ಮೀ. ಅಂತರದಲ್ಲಿ 300 ಗಿಡಕ್ಕೆ ಅರ್ಧ ಗುಂಟೆ ಚೂರು ಮೀರೀತು.

ಇದನ್ನು ಬ್ಯಾಸಗಿಯಲ್ಲೇ ಬಿತ್ತಿ, ಹಳದಿ ರೋಗ ಹರಡುವ ಬಿಳಿ ನೊಣಕ್ಕೆ ಔಷಧ ಹೊಡೆಯದೆ ಬಿಡಿ. ನಡುನಡುವೆ ರೋಗ ಬೇಗ ಹಿಡಿಯುವ ಪೂಸಾ ಸಾವನಿಯ ಸಾಲು ಇರಲಿ. ಅದು ಹಳದಿಯಾಗದೆ ನಿಮ್ಮ ಗಿಡ ಹಸಿರಾಗಿದ್ದರೆ ಅದು ನಿರೋಧವಲ್ಲ, ನೊಣ ಬರಲಿಲ್ಲ ಅಷ್ಟೇ. ಅನಾಮಿಕಾದ ನಿರೋಧ ಕಾಡು ಜಾತಿಯಿಂದ ಬಂದದ್ದು. ನಿಮ್ಮೂರಲ್ಲಿ ಅದು ಇನ್ನೂ ತಡೆಯುತ್ತದೋ ಅನ್ನುವುದನ್ನು ಮೊದಲು ನೋಡ್ರಿ. ಪೂಸಾ ಸಾವನಿಯೂ ಬಂದಾಗ ತಡೆಯುತ್ತಿತ್ತು! ಐದಾರು ತಲೆಮಾರು ಸ್ವಪರಾಗವಾದರೆ ತಳಿ ನಿಲ್ಲುತ್ತದೆ. ಪ್ರಮಾಣಿತ ಬೀಜಕ್ಕೆ ಬೇರೆ ಬೆಂಡಿಯಿಂದ 200 ಮೀಟರ್, ಅದನ್ನು ಬೆಳೆಯಲು ಬಳಸುವ ಮೂಲ ಬೀಜಕ್ಕೆ 400 ಮೀಟರ್ ದೂರ ಬೇಕು.

ಒಣಗು ಚಿಪ್ಸ್, ಬೆಳಗಾವಿ
ಸಂಸ್ಕರಣೆಗಾದರೆ ಕಣ್ಣಂದಾಜು ಸಾಲದು. ಆರಿಸಿದ ಪ್ರತಿ ಗಿಡದಲ್ಲೂ ಹೂ ಅರಳಿದ ದಿನಾಂಕ ಕಟ್ಟಿ, 4, 5, 6, 7ನೇ ದಿನ ಕಾಯಿ ಕಿತ್ತು ತುದಿ ಮುರೀರಿ. ಆರನೇ ದಿನವೂ ಪಟ್ಟನೆ ಮುರಿದರೆ ಒಳ್ಳೇದು. ಬಾಗಿ ನಾರು ಎಳೆದರೆ ಬಿಡಿ. ಕೊಯ್ಲು ಒಂದು ದಿನ ತಡವಾದರೆ ಲಾಟೇ ಹೋಗುವ ಗಿಡ ಅದು.

ನಂತರ ಇಡಿಯಾಗಿ 2–3 ನಿಮಿಷ ಕುದಿನೀರಿಗೆ ಹಾಕಿ, ತಕ್ಷಣ ತಣ್ಣೀರಿಗೆ ಇಳಿಸಿ ಬಣ್ಣ ನೋಡಿ. ಕತ್ತರಿಸಿ ಕುದಿಸಿದರೆ ಲೋಳೆ ನೀರಿಗೆ ಸೋರಿ ತೂಕ, ನೋಟ ಎರಡೂ ಹೋಗುತ್ತವೆ. ಕಬ್ಬಿಣದ ಪಾತ್ರೆ, ತುಕ್ಕು ಹಿಡಿದ ಚಾಕು ಬೇಡ, ಕಾಯಿ ಕಪ್ಪಾಗುತ್ತದೆ.

ಘಟಪ್ರಭಾ ದಂಡೆ, ಗೋಕಾಕ
ಎಂಟು ಏಣಿನ, ರೋಗವಿಲ್ಲದ ಗಿಡ ಬಂದರೆ?

ಮಣ್ಣು ಮೊಳಕೆ, ವಿಜಯಪುರ
ಕಿತ್ತೊಗೀಬ್ಯಾಡ್ರಿ. ಬೀಜ ಬೇರೆ ಇಡ್ರಿ, ಸಂತಿಗೆ ಅದೇ ಓಡತದ.