ದೇವರಕಲ್ಲಿಗೆ ಪ್ರವಾಸಿಗರು ಇಟ್ಟ ಹೆಸರು: ಫಲಕದಲ್ಲಿ ಏನು ಬರೆಸಬೇಕು?

ಪ್ರಶ್ನೆ (ಪೊನ್ನಂಪೇಟೆ ಕಡೆಯ ಶಿಕ್ಷಕ):

ನಮ್ಮೂರಿನ ಬೆಟ್ಟದ ನೆತ್ತಿಯಲ್ಲಿ ಒಂದು ದೊಡ್ಡ ಬಂಡೆಯಿದೆ. ಕೆಳಗಿನ ಹಾಡಿಯ ಯರವ ಬುಡಕಟ್ಟಿನವರು ತಲೆತಲಾಂತರದಿಂದ ಅದಕ್ಕೆ ನಡೆದುಕೊಳ್ಳುತ್ತಾ ಬಂದಿದ್ದಾರೆ. ಬಂಡೆಯ ಬುಡದಲ್ಲಿ ಎಣ್ಣೆ ಕುಡಿದು ಕಪ್ಪಾದ ಎರಡು ಗುಂಡುಕಲ್ಲುಗಳು ಇಂದಿಗೂ ಇವೆ. ಅವುಗಳ ಪಕ್ಕದಲ್ಲಿಯೇ ಈಗ ಚಿಪ್ಸ್ ಪೊಟ್ಟಣಗಳೂ ನೀರಿನ ಬಾಟಲಿಗಳೂ ಬಿದ್ದಿರುತ್ತವೆ. ಸುತ್ತಮುತ್ತ ಹೋಂಸ್ಟೇಗಳು ಬಂದ ಮೇಲೆ ಆ ಬಂಡೆಗೆ ‘ಸನ್‌ಸೆಟ್ ರಾಕ್’ ಎಂಬ ಹೆಸರು ಬಿದ್ದು, ಮೊಬೈಲ್ ನಕ್ಷೆಯಲ್ಲಿಯೂ ಅದೇ ಸೇರಿಕೊಂಡಿದೆ. ಇದೀಗ ಗ್ರಾಮ ಪಂಚಾಯಿತಿಯವರು ರಸ್ತೆಬದಿಯಲ್ಲಿ ಫಲಕ ಹಾಕಿಸಲು ಹೊರಟಿದ್ದು, ಅದರ ಒಕ್ಕಣೆಯನ್ನು ಬರೆದುಕೊಡುವಂತೆ ನನ್ನನ್ನು ಕೇಳಿದ್ದಾರೆ. ಹೊಸ ಹೆಸರನ್ನು ಬರೆಯಲು ನನಗೆ ಮನಸ್ಸು ಒಪ್ಪುತ್ತಿಲ್ಲ. ಹೋಂಸ್ಟೇಯವರು ಎರಡೂ ಹೆಸರುಗಳಿರಲಿ ಎನ್ನುತ್ತಾರೆ. ಮೂಲನಿವಾಸಿಗಳ ಪವಿತ್ರ ಸ್ಥಳಗಳ ಹೆಸರಿನ ಬಗ್ಗೆ ಬೇರೆಡೆ ಇಂಥ ವಿವಾದಗಳು ಬಂದಾಗ ಅವು ಹೇಗೆ ಇತ್ಯರ್ಥವಾದವು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಮಡಿಕೇರಿ, ನಿವೃತ್ತ ಭೂಗೋಳ ಉಪನ್ಯಾಸಕ):

ಮಾನ್ಯರೇ, ಅಲಾಸ್ಕಾದ ಡೆನಾಲಿ ಶಿಖರದ ಕತೆಯನ್ನು ಪಂಚಾಯಿತಿಯವರಿಗೆ ತಪ್ಪದೆ ಹೇಳಿ. 6,190 ಮೀಟರ್ ಎತ್ತರದ ಆ ಶಿಖರವನ್ನು ಅಲ್ಲಿನ ಕೊಯುಕಾನ್ ಜನರು ಡೆನಾಲಿ ಎಂದೇ ಕರೆಯುತ್ತಿದ್ದರು. 1896ರಲ್ಲಿ ಚಿನ್ನ ಹುಡುಕಿಕೊಂಡು ಹೋದ ವಿಲಿಯಂ ಡಿಕಿ ಎಂಬವನು, ಆಗ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸುತ್ತಿದ್ದ ಓಹಾಯೋದ ವಿಲಿಯಂ ಮೆಕಿನ್ಲಿಯ ಹೆಸರನ್ನು ಅದಕ್ಕೆ ಇಟ್ಟನು. ಮೆಕಿನ್ಲಿ ಅಲಾಸ್ಕಾಕ್ಕೆ ಒಮ್ಮೆಯೂ ಕಾಲಿಟ್ಟವರಲ್ಲ. ಆದರೂ 1917ರಲ್ಲಿ ಆ ಹೆಸರಿಗೆ ಸರ್ಕಾರದ ಮುದ್ರೆ ಬಿತ್ತು. 1975ರಲ್ಲಿ ಅಲಾಸ್ಕಾ ರಾಜ್ಯವೇ ಡೆನಾಲಿ ಎಂಬ ಹೆಸರನ್ನು ಮರಳಿ ಕೊಡಬೇಕೆಂದು ಕೇಂದ್ರವನ್ನು ಕೇಳಿಕೊಂಡರೂ, ಓಹಾಯೋದ ಜನಪ್ರತಿನಿಧಿಗಳು ಅಡ್ಡಗಾಲು ಹಾಕಿದ್ದರಿಂದ 2015ರವರೆಗೆ ಕಾಯಬೇಕಾಯಿತು. ಅಷ್ಟಕ್ಕೂ ಮುಗಿಯಲಿಲ್ಲ; 2025ರ ಜನವರಿಯಲ್ಲಿ ಹೊಸ ಅಧ್ಯಕ್ಷರ ಆದೇಶದಿಂದ ಶಿಖರ ಪುನಃ ಮೆಕಿನ್ಲಿಯಾಯಿತು, ಸುತ್ತಲಿನ ರಾಷ್ಟ್ರೀಯ ಉದ್ಯಾನ ಮಾತ್ರ ಡೆನಾಲಿಯಾಗಿಯೇ ಉಳಿಯಿತು.

ಮೇಲಿನವರ ಆದೇಶವೊಂದರಿಂದಲೇ ಬಂದ ಹೆಸರು ಮತ್ತೊಂದು ಆದೇಶದಿಂದ ಹೋಗಿಬಿಡುತ್ತದೆ. ಆದ್ದರಿಂದ ಹಾಡಿಯ ಜನ ಸೇರಿ ಮಾಡಿದ ತೀರ್ಮಾನವನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ, ಅದರ ಪ್ರತಿಯನ್ನು ಹಾಡಿಯಲ್ಲಿಯೂ ಇರಿಸುವುದು ಒಳ್ಳೆಯದು. ಪಂಚಾಯಿತಿಗೆ ಮುಂದಿನ ಅಧ್ಯಕ್ಷರು ಬಂದು ಬದಲಿಸಹೊರಟರೆ ಆ ಕಾಗದ ಕೆಲಸಕ್ಕೆ ಬರುತ್ತದೆ.

ಉತ್ತರ 2 (ಕಕ್ಕಬ್ಬೆ, ಹೋಂಸ್ಟೇ ನಡೆಸುವವರು):

ಎರಡು ಹೆಸರುಗಳನ್ನು ಒಟ್ಟಿಗೆ ಬರೆಯುವುದನ್ನು ನೇರವಾಗಿ ತಳ್ಳಿಹಾಕಬೇಡಿ ಎಂಬುದು ನನ್ನ ವಿನಂತಿ. ಆಸ್ಟ್ರೇಲಿಯಾದ ಉಲುರು ಬಂಡೆಗೆ 1873ರಲ್ಲಿ ವಿಲಿಯಂ ಗಾಸ್ ಎಂಬ ಅನ್ವೇಷಕ ‘ಏಯರ್ಸ್ ರಾಕ್’ ಎಂದು ಹೆಸರಿಟ್ಟಿದ್ದ. 1985ರಲ್ಲಿ ಆ ನೆಲದ ಒಡೆತನವನ್ನು ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಹಿಂದಿರುಗಿಸಲಾಯಿತು. 1993ರಲ್ಲಿ ‘ಏಯರ್ಸ್ ರಾಕ್ / ಉಲುರು’ ಎಂಬ ಜೋಡಿ ಹೆಸರು ಜಾರಿಗೆ ಬಂತು. 2002ರಲ್ಲಿ ಅಲ್ಲಿನ ಪ್ರವಾಸೋದ್ಯಮದವರೇ ಕೇಳಿಕೊಂಡದ್ದರಿಂದ ಉಲುರು ಮೊದಲಿಗೆ ಬಂತು. ಇಂದು ಹೆಚ್ಚಿನವರ ಬಾಯಲ್ಲಿ ಇರುವುದು ಉಲುರು ಒಂದೇ. ಜೋಡಿ ಹೆಸರಿನಿಂದಾಗಿ ಜನರ ನಾಲಗೆ ಹಳೆಯ ಹೆಸರಿಗೆ ಹೊಂದಿಕೊಳ್ಳಲು ಸಮಯ ಸಿಕ್ಕಿತು. ನಮ್ಮ ಅತಿಥಿಗಳು ದಾರಿ ಹುಡುಕುವುದು ಮೊಬೈಲ್‌ನಲ್ಲಿ. ಅಲ್ಲಿರುವ ಹೆಸರು ಫಲಕದಲ್ಲಿ ಇಲ್ಲದಿದ್ದರೆ ಜೀಪಿನವರನ್ನು ದಾರಿ ಕೇಳುತ್ತಾರೆ, ಅವರು ಹೊಸ ಹೆಸರನ್ನೇ ಹೇಳುತ್ತಾರೆ.

ಉತ್ತರ 3 (ತಿತಿಮತಿ, ಅರಣ್ಯ ಹಕ್ಕುಗಳ ಕೆಲಸದಲ್ಲಿರುವವರು):

ಉಲುರು ವಿಷಯದಲ್ಲಿ ಮೇಲಿನವರು ಹೇಳಿರುವುದು ಸರಿ. ಆದರೆ ಹೆಸರು ಬದಲಾದ ಮೇಲೂ ಪ್ರವಾಸಿಗರು ಬಂಡೆಯನ್ನು ಹತ್ತುತ್ತಲೇ ಇದ್ದರು. ದಯವಿಟ್ಟು ಹತ್ತಬೇಡಿ ಎಂದು ಅನಂಗು ಹಿರಿಯರು ವರ್ಷಗಟ್ಟಲೆ ಕೇಳಿಕೊಂಡ ನಂತರ, 2019ರ ಅಕ್ಟೋಬರ್ 26ರಂದು ಹತ್ತುವುದನ್ನು ನಿಲ್ಲಿಸಲಾಯಿತು. ಫಲಕದಲ್ಲಿ ಅವರ ಹೆಸರು ಬರೆದು, ಅವರ ಕಲ್ಲಿನ ಮೇಲೆ ಚಪ್ಪಲಿ ಕಾಲಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದಾದರೆ ಹಾಡಿಯವರಿಗೆ ದೊರೆತದ್ದೇನು?

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇಲ್ಲಿ ಯಾರೂ ಕೇಳಿಲ್ಲ. ಆ ಹೆಸರು ರಸ್ತೆಬದಿಯ ಫಲಕದಲ್ಲಿ ಇರಬೇಕೆಂದು ಹಾಡಿಯ ಹಿರಿಯರು ಬಯಸುತ್ತಾರೆಯೇ? ದೇವರ ಹೆಸರನ್ನು ಹೊರಗಿನವರ ಮುಂದೆ ಎತ್ತಬಾರದೆಂಬ ಕಟ್ಟುಪಾಡು ಅವರಲ್ಲಿ ಇದ್ದರೆ, ನಾವು ಗೌರವವೆಂದು ಮಾಡಿದ್ದು ಅವರಿಗೆ ನೋವಾಗುತ್ತದೆ. ಒಡಿಶಾದ ನಿಯಮಗಿರಿ ಬೆಟ್ಟದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ, ಗಣಿಗಾರಿಕೆಯಿಂದ ಅಲ್ಲಿನ ಡೊಂಗ್ರಿಯಾ ಕೊಂಧ ಬುಡಕಟ್ಟಿನವರ ಧಾರ್ಮಿಕ ಹಕ್ಕಿಗೆ ಧಕ್ಕೆಯಾಗುತ್ತದೆಯೇ ಎಂಬುದನ್ನು ಗ್ರಾಮಸಭೆಗಳ ಮುಂದಿಡಬೇಕೆಂದಿತು; ಹನ್ನೆರಡು ಗ್ರಾಮಸಭೆಗಳೂ ಗಣಿಗಾರಿಕೆ ಬೇಡವೆಂದವು. ಅದು ಗಣಿಯ ಪ್ರಶ್ನೆ, ಇದು ಫಲಕದ ಪ್ರಶ್ನೆ, ನಿಜ. ಆದರೆ ಯಾರನ್ನು ಕೇಳಬೇಕು ಎಂಬುದು ಎರಡರಲ್ಲೂ ಒಂದೇ. ಬಂಡೆ ಇರುವುದು ಅರಣ್ಯಭೂಮಿಯಲ್ಲಾದರೆ, 2006ರ ಅರಣ್ಯ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ತಮ್ಮ ಸಾಂಸ್ಕೃತಿಕ ಪರಂಪರೆಯನ್ನು ಕಾಪಾಡಿಕೊಳ್ಳುವ ಅಧಿಕಾರವನ್ನು ಅವರಿಗೇ ಕೊಟ್ಟಿದೆ.

ಇನ್ನೊಂದು ಮಾತನ್ನು ನಾವೆಲ್ಲ ಕೊಡಗಿನವರೆಂಬ ಸಲುಗೆಯಿಂದಲೇ ಹೇಳುತ್ತೇನೆ. ಕೂರ್ಗ್ ಹೋಗಿ ಕೊಡಗು ಬರಬೇಕು, ಮರ್ಕರಾ ಹೋಗಿ ಮಡಿಕೇರಿ ಬರಬೇಕು ಎಂದಾಗ ನಮಗದು ನ್ಯಾಯವೆನಿಸಿತು. ತೋಟದ ಲೈನ್ ಮನೆಗಳಲ್ಲಿ ಇರುವ ಯರವರಿಗೆ ಅದೇ ನ್ಯಾಯವನ್ನು ಕೊಡುವಾಗ ‘ಎರಡೂ ಇರಲಿ’ ಎಂದು ಚೌಕಾಸಿ ಮಾಡುವುದು ನನಗೆ ಸರಿಯೆನಿಸುವುದಿಲ್ಲ. ಪುಷ್ಪಗಿರಿ ಬೆಟ್ಟಕ್ಕೆ ಸುಬ್ರಹ್ಮಣ್ಯದ ಕಡೆಯವರು ಕುಮಾರಪರ್ವತ ಎನ್ನುತ್ತಾರೆ, ಅದರಿಂದ ಯಾರಿಗೂ ಬೇಸರವಿಲ್ಲ. ಎರಡೂ ಅಲ್ಲಿ ನಡೆದುಕೊಳ್ಳುವವರೇ ಕರೆದ ಹೆಸರುಗಳು. ‘ಸನ್‌ಸೆಟ್ ರಾಕ್’ ಅಂಥದ್ದಲ್ಲ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ಹಾಡಿಯ ಯಜಮಾನರನ್ನು ಭೇಟಿಯಾಗಿ ಬಂದೆ. ಬಂಡೆಯ ಹೆಸರನ್ನು ಬರೆಯುವ ವಿಷಯವನ್ನು ತಮ್ಮವರೆಲ್ಲ ಸೇರಿ ಮಾತಾಡಿ ಹೇಳುತ್ತೇವೆಂದರು. ಫಲಕದಲ್ಲಿ ಏನೇ ಬರೆದರೂ, ಗುಂಡುಕಲ್ಲುಗಳವರೆಗೆ ಹೊರಗಿನವರು ಬರಬಾರದೆಂಬ ಮಾತು ಮಾತ್ರ ಇರಲೇಬೇಕು ಎಂದು ಅವರು ಆಗಲೇ ಸ್ಪಷ್ಟವಾಗಿ ಹೇಳಿದರು. ಅವರ ಸಭೆ ಆಗುವವರೆಗೆ ಒಕ್ಕಣೆಯನ್ನು ಕೊಡುವುದಿಲ್ಲವೆಂದು ಪಂಚಾಯಿತಿಗೆ ಬರೆದುಕೊಟ್ಟಿದ್ದೇನೆ. ಉತ್ತರ 2 ಬರೆದವರಲ್ಲಿ ಒಂದು ಕೋರಿಕೆ: ಮೊಬೈಲ್ ನಕ್ಷೆಯಲ್ಲಿರುವ ಹೆಸರನ್ನು ತೆಗೆಸಲು ನಿಮ್ಮ ಕಡೆಯ ಹೋಂಸ್ಟೇಯವರು ಯಾರಾದರೂ ಅರ್ಜಿ ಹಾಕಿದ್ದರೆ, ಅದನ್ನು ಹೇಗೆ ಮಾಡಿದರೆಂದು ದಯವಿಟ್ಟು ಇಲ್ಲಿ ಬರೆಯಿರಿ.