ಹಿಸ್ಟಿಡಿನ್ ಟ್ಯಾಗ್ ಇದ್ದರೂ ಪ್ರೋಟೀನ್ ಕಾಲಂನಲ್ಲಿ ನಿಲ್ಲುತ್ತಿಲ್ಲ, ದಾರಿ ಹೇಳಿ

ತಿಪಟೂರು ಹುಡುಗಿ: ತುಮಕೂರಿನಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಮಾಡಿಸಿದ 32 ಕಿಲೋಡಾಲ್ಟನ್ ತೂಕದ ಪ್ರೋಟೀನ್, ತುದಿಯಲ್ಲಿ ಟ್ಯಾಗ್ ಆಗಿ ಆರು ಹಿಸ್ಟಿಡಿನ್ ಅಮೈನೋ ಆಮ್ಲ. 20 ಮಿಲಿ ಲೈಸೇಟನ್ನು (ಜೀವಕೋಶ ಒಡೆದು ತೆಗೆದ ರಸ) 1 ಮಿಲಿ ನಿಕಲ್-ಎನ್‌ಟಿಎ ಕಾಲಂಗೆ ಹಾಕಿದೆ. ಅದು ನಿಕಲ್ ಹಿಡಿದಿಟ್ಟ ರೆಸಿನ್ ಮಣಿಗಳ ಕೊಳವೆ, ಟ್ಯಾಗ್ ಆ ನಿಕಲ್ಲನ್ನು ಹಿಡಿದು ನಿಲ್ಲಬೇಕು. ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರೆ ಮಾಡುವ ಜೆಲ್ ನೋಡಿದರೆ ಫ್ಲೋ-ಥ್ರೂ (ಕಾಲಂನಲ್ಲಿ ನಿಲ್ಲದೆ ಹರಿದುಹೋದ ದ್ರವ) ಲೇನ್‌ನಲ್ಲಿ ದಪ್ಪ ಬ್ಯಾಂಡ್, ಎಲ್ಯೂಷನ್ (ಕೊನೆಗೆ ಬಿಡಿಸಿ ತೆಗೆದ ದ್ರವ) ಲೇನ್‌ಗಳು ಪೂರಾ ಖಾಲಿ. ನಿಕಲ್‌ನಿಂದ ಪ್ರೋಟೀನ್ ಬಿಡಿಸುವ ಇಮಿಡಜೋಲ್ ವಾಶ್‌ಗೆ 20, ಎಲ್ಯೂಷನ್‌ಗೆ 250 ಮಿಲಿಮೋಲಾರ್ ಹಾಕಿದ್ದೆ. ಎರಡು ಸಲ ಹೀಗೇ ಆಯ್ತು. ಮೂರು ವಾರದಲ್ಲಿ ಸಬ್ಮಿಷನ್ ಇದೆ. ಹೊಸ ರೆಸಿನ್ ಕೇಳಲು ಮನಸ್ಸು ಬರುತ್ತಿಲ್ಲ, ದುಬಾರಿ ಸಾಮಾನು ಅಲ್ವಾ.

ಬಂಗಾರಪೇಟೆ ಬಯೋ: ಪಿಎಚ್ ನೋಡಿದಿರಾ? 8ರ ಹತ್ತಿರ ಇರಬೇಕು. 6ಕ್ಕೆ ಇಳಿದರೆ ಹಿಸ್ಟಿಡಿನ್‌ಗೆ ಪ್ರೋಟಾನ್ ಅಂಟಿಕೊಳ್ಳುತ್ತದೆ, ಆಮೇಲೆ ಅದು ನಿಕಲ್ ಹಿಡಿಯುವುದಿಲ್ಲ. ಪಿಎಚ್ ಸರಿಯಿದ್ದರೆ ಟ್ಯಾಗ್ ಪ್ರೋಟೀನ್ ಮಡಿಕೆಯೊಳಗೆ ಸಿಕ್ಕಿಕೊಂಡಿರಬಹುದು. ಮಡಿಕೆ ಬಿಚ್ಚಲು 8 ಮೋಲಾರ್ ಯೂರಿಯಾದಲ್ಲಿ ಒಮ್ಮೆ ಮಾಡಿ ನೋಡಿ.

ಚಿಂತಾಮಣಿ ಟೀಚರ್: ಯೂರಿಯಾ ಆಮೇಲೆ. ಮೊದಲು ಕಾಲಂ ಯಾವ ಬಣ್ಣ ಇದೆ ಹೇಳಮ್ಮ.

ತಿಪಟೂರು ಹುಡುಗಿ: ಈಗಷ್ಟೇ ನೋಡಿ ಬಂದೆ ಮೇಡಂ. ತಂದಾಗ ತಿಳಿ ನೀಲಿ ಇತ್ತು. ಈಗ ಮೇಲಿಂದ ಕೆಳಗಿನವರೆಗೂ ಅಕ್ಕಚ್ಚಿನ ಹಾಗೆ ಬೆಳ್ಳಗಿದೆ. ಪಿಎಚ್ 8 ಇದೆ.

ಚಿಂತಾಮಣಿ ಟೀಚರ್: ಹಾಗಾದರೆ ನಿಕಲ್ಲೇ ಹೊರಟುಹೋಗಿದೆ, ಟ್ಯಾಗ್ ಏನನ್ನು ಹಿಡಿಯಬೇಕು? ಡಿಟಿಟಿ (ಬಫರ್‌ಗೆ ಹಾಕುವ ಅಪಕರ್ಷಕ) ಆಗಿದ್ದರೆ ಕಂದು ಬಣ್ಣ ಬರುತ್ತಿತ್ತು. ಬಿಳಿ ಅಂದರೆ ಇಡಿಟಿಎ, ಲೋಹವನ್ನು ಹಿಡಿದು ಎಳೆದುಕೊಳ್ಳುವ ರಾಸಾಯನಿಕ. ಜೀವಕೋಶ ಒಡೆಯುವ ಲೈಸಿಸ್ ಬಫರ್‌ನಲ್ಲಿ ಇದೆಯಾ ನೋಡು. ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಡೆಯಲು ಲೈಸೇಟ್‌ಗೆ ಹಾಕುವ ಕೆಲವು ಪ್ರೋಟಿಯೇಸ್ ಇನ್ಹಿಬಿಟರ್ ಮಾತ್ರೆಗಳಲ್ಲೂ ಇರುತ್ತದೆ. ನಾನು ಪಿಎಚ್‌ಡಿ ಮಾಡುವಾಗ ಆ ಮಾತ್ರೆಯಿಂದಲೇ ಎರಡು ತಿಂಗಳು ಕಳೆದುಕೊಂಡೆ. ಅವತ್ತಿಂದ ಲೋಡ್ ಮಾಡುವ ಮುಂಚೆ ಬಣ್ಣ ನೋಡುತ್ತೇನೆ.

ತಿಪಟೂರು ಹುಡುಗಿ: ಸೀನಿಯರ್ ನೋಟ್‌ಬುಕ್‌ನಿಂದ ಬರೆದುಕೊಂಡ ಬಫರ್ ಮೇಡಂ. 5 ಮಿಲಿಮೋಲಾರ್ ಇಡಿಟಿಎ ಇದೆ!

ಚಿಂತಾಮಣಿ ಟೀಚರ್: 20 ಮಿಲಿಗೆ 100 ಮೈಕ್ರೋಮೋಲ್ ಆಯ್ತು. 1 ಮಿಲಿ ರೆಸಿನ್‌ನಲ್ಲಿ ಅಷ್ಟು ನಿಕಲ್ ಇರುವುದೇ ಇಲ್ಲ. ರೆಸಿನ್ ಎಸೆಯಬೇಡ. 100 ಮಿಲಿಮೋಲಾರ್ ಇಡಿಟಿಎ ಹಾಯಿಸಿ ಉಳಿದ ನಿಕಲ್ಲನ್ನೂ ತೆಗೆ. ನೀರಿನಲ್ಲಿ ಚೆನ್ನಾಗಿ ತೊಳೆ, ಇಡಿಟಿಎ ಒಂದಿಷ್ಟೂ ಉಳಿಯಬಾರದು. ಆಮೇಲೆ 100 ಮಿಲಿಮೋಲಾರ್ ನಿಕಲ್ ಸಲ್ಫೇಟ್ 2 ಮಿಲಿ ಬಿಡು. ನೀಲಿ ಮೇಲಿಂದ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಗ್ಲೌಸ್ ಹಾಕಿಕೋ, ಆ ನೀರನ್ನು ಸಿಂಕ್‌ಗೆ ಸುರಿಯಬೇಡ. ಫ್ಲೋ-ಥ್ರೂ ಇಟ್ಟಿದ್ದೀಯಾ? ಅದನ್ನು ಇಡಿಟಿಎ ಇಲ್ಲದ ಬಫರ್‌ನಲ್ಲಿ ರಾತ್ರಿಯಿಡೀ ಡಯಾಲಿಸಿಸ್‌ಗೆ (ಸಣ್ಣ ರಂಧ್ರದ ಚೀಲದಲ್ಲಿ, ಇಡಿಟಿಎ ಹೊರಗೆ ಹೋಗುವಂತೆ) ಇಟ್ಟು ಮತ್ತೆ ಕಾಲಂಗೆ ಹಾಕು.

ತಿಪಟೂರು ಹುಡುಗಿ: ಮೇಡಂ, ಬಂತು! 32 ಕಿಲೋಡಾಲ್ಟನ್‌ನಲ್ಲಿ ಒಳ್ಳೆ ಬ್ಯಾಂಡ್. 25ರ ಹತ್ತಿರ ಒಂದು ತೆಳು ಗೆರೆಯೂ ಇದೆ.

ಚಿಂತಾಮಣಿ ಟೀಚರ್: ತುಂಬಾ ಖುಷಿಯಾಯ್ತಮ್ಮ. ಆ ಗೆರೆ ಬಹುಶಃ ಇ. ಕೋಲಿಯದೇ ಸ್ಲೈಡಿ ಪ್ರೋಟೀನ್. ಅದರ ಬಾಲದಲ್ಲಿ ಹಿಸ್ಟಿಡಿನ್ ಜಾಸ್ತಿ, ಸುಲಭಕ್ಕೆ ಬಿಡುವುದಿಲ್ಲ. ಮುಂದಿನ ಸಲ ವಾಶ್ ಇಮಿಡಜೋಲ್ 40ಕ್ಕೆ ಏರಿಸಿ ನೋಡು. ಸೀನಿಯರ್ ನೋಟ್‌ಬುಕ್‌ನಲ್ಲಿ ಆ ಇಡಿಟಿಎ ಸಾಲು ಹೊಡೆದುಹಾಕು, ಮುಂದಿನವರಿಗೆ ಈ ಪಾಡು ತಪ್ಪುತ್ತದೆ.