ಅಪ್‌ಡೇಟ್: ಮೋಟಾರ್ ವೇಗ ಅಳೆಯಲು ಪುಟ್ಟ ಕೌಂಟರ್ ಸಿಕ್ಕಿತು

ಹಿಂದೆ ಕೇಳಿದ್ದೆ: 60 ಹಲ್ಲಿನ ಗೇರ್ ಎದುರು ಸೆನ್ಸರ್ ಇಟ್ಟು ಮೋಟಾರ್ ವೇಗ ಅಳೆಯಬೇಕು, ಲ್ಯಾಪ್‌ಟಾಪಿಗೆ ಜೋಡಿಸುವ ಚಿಕ್ಕ ಕೌಂಟರ್ ಯಾವುದು ಅಂತ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ಕೊನೆಗೆ ಯುಎಸ್‌ಬಿ-ಸಿಟಿಆರ್04 ತೆಗೆದುಕೊಂಡೆ.

ನಿಮ್ಮಲ್ಲೊಬ್ಬರು ಹೇಳಿದ್ದು ತುಂಬಾ ಉಪಯೋಗವಾಯಿತು: ಪಲ್ಸ್ (ಒಂದೊಂದು ಹಲ್ಲು ದಾಟಿದಾಗ ಸೆನ್ಸರ್ ಕೊಡುವ ಸಿಗ್ನಲ್) ಎಣಿಸಬೇಡಿ, ಎರಡು ಪಲ್ಸ್ ನಡುವಿನ ಸಮಯ ಅಳೆಯಿರಿ. 60 ಹಲ್ಲಿದ್ದರೆ ಹರ್ಟ್ಸ್ (ಸೆಕೆಂಡಿಗೆ ಬರುವ ಪಲ್ಸ್) ಎಷ್ಟೋ ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಅಷ್ಟೇ. 300 ಆರ್‌ಪಿಎಂನಲ್ಲಿ 0.1 ಸೆಕೆಂಡ್ ಎಣಿಸಿದರೆ ಸಿಗುವುದು 30 ಪಲ್ಸ್. ಒಂದು ಪಲ್ಸ್ ಹೆಚ್ಚುಕಮ್ಮಿ ಆದರೂ 10 ಆರ್‌ಪಿಎಂ ವ್ಯತ್ಯಾಸ! ಅದೇ ಸಮಯ ಅಳೆದರೆ, ಕೌಂಟರಿನ 48 ಮೆಗಾಹರ್ಟ್ಸ್ ಕ್ಲಾಕ್‌ನಲ್ಲಿ ಒಂದು ಹಲ್ಲಿನಿಂದ ಇನ್ನೊಂದಕ್ಕೆ ಸುಮಾರು 1,60,000 ಟಿಕ್ ಬರುತ್ತವೆ. ವೇಗ ಕಮ್ಮಿ ಇದ್ದಾಗ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಈಗ ಕ್ಲಾಕಿಗಿಂತ ಗೇರ್ ಹಲ್ಲುಗಳ ಸಣ್ಣ ಏರುಪೇರೇ ಜಾಸ್ತಿ ಕಾಣುತ್ತದೆ. ಅದಕ್ಕೆ ಪೂರ್ತಿ ಒಂದು ಸುತ್ತಿನ ಸರಾಸರಿ ತೆಗೆಯುತ್ತೇನೆ.

ವೈರಿಂಗ್ ಬಗ್ಗೆ ಒಂದು ಮಾತು. ಸೆನ್ಸರ್ 24 ವೋಲ್ಟಿನದು, ಕೌಂಟರ್ ಇನ್‌ಪುಟ್ 5 ವೋಲ್ಟಿನದು. ಸೆನ್ಸರ್ ಎನ್‌ಪಿಎನ್ ಓಪನ್ ಕಲೆಕ್ಟರ್ (ಔಟ್‌ಪುಟ್ ತಂತಿಯನ್ನು ಗ್ರೌಂಡಿಗೆ ಎಳೆಯುತ್ತದೆ ಅಷ್ಟೇ, ತಾನಾಗಿ ವೋಲ್ಟೇಜ್ ಕೊಡುವುದಿಲ್ಲ) ಆದ್ದರಿಂದ ಪುಲ್-ಅಪ್ ರೆಸಿಸ್ಟರನ್ನು (ಆ ತಂತಿಯನ್ನು ಮೇಲಿನ ವೋಲ್ಟೇಜಿಗೆ ಎತ್ತಿ ಹಿಡಿಯುವುದು) 5 ವೋಲ್ಟಿಗೇ ಕೊಟ್ಟೆ, ಗ್ರೌಂಡ್ ಎರಡನ್ನೂ ಸೇರಿಸಿದೆ. ಅದನ್ನು 24 ವೋಲ್ಟಿಗೆ ಕೊಡಲೇಬೇಡಿ, ಕೌಂಟರಿನ ಇನ್‌ಪುಟ್ ಸುಟ್ಟು ಹೋಗಬಹುದು.

ಎನ್‌ಕೋಡರ್‌ನಿಂದ (ಶಾಫ್ಟ್ ತಿರುಗಿದಂತೆ ಪಲ್ಸ್ ಕೊಡುವ ಸೆನ್ಸರ್) ತಿರುಗುವ ದಿಕ್ಕೂ ತಿಳಿಯಬೇಕು ಅನ್ನುವವರು ಕ್ವಾಡ್ರೇಚರ್ ಇನ್‌ಪುಟ್ (ಒಂದಕ್ಕೊಂದು ಸ್ವಲ್ಪ ಹಿಂದೆ-ಮುಂದೆ ಬರುವ ಎರಡು ಸಿಗ್ನಲ್‌ ನೋಡಿ ದಿಕ್ಕು ಹೇಳುವುದು) ಇರುವ ಸಾಧನವನ್ನೇ ನೋಡಿ.